ಉಂಡದ್ದು ಮೈಗೆ ಹತ್ತುವುದು ಹೇಗೆ? ಗಂಜಿ, ಮೀನು, ಸೊಪ್ಪು ಮತ್ತು ರಕ್ತಹೀನತೆಯ ಕುರಿತು ಒಂದು ಚರ್ಚೆ

ಅಘನಾಶಿನಿ ತಡಿ, ಕುಮಟಾ

ಎಲ್ಲರಿಗೂ ನಮಸ್ಕಾರ. ಪಿಯುಸಿ ಓದುತ್ತಿರುವ ನನ್ನ ಮಗಳಿಗೆ ಈಚೆಗೆ ವಿಪರೀತ ಆಯಾಸ, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.4 ಎಂದು ಬಂತು. ವೈದ್ಯರು ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ಕೊಡುತ್ತಿದ್ದೇನೆ. ನನ್ನ ಪ್ರಶ್ನೆ ಇರುವುದು ಊಟದ ಬಗ್ಗೆ. ನಮ್ಮದು ಊಟಕ್ಕೆ ಕೊರತೆಯಿರುವ ಮನೆಯಲ್ಲ. ಕುಚ್ಚಲಕ್ಕಿ ಅನ್ನ, ವಾರದ ಹೆಚ್ಚಿನ ದಿನ ಬಂಗಡೆ ಅಥವಾ ತಾರ್ಲೆ, ಹಿತ್ತಲಿನ ಬಸಳೆ, ಹರಿವೆ, ನುಗ್ಗೆಸೊಪ್ಪು ಎಲ್ಲವೂ ಇವೆ. ಮಗಳು ಬೆಳಿಗ್ಗೆ ಗಂಜಿ ಮುಟ್ಟುವುದಿಲ್ಲ. ಚಹಾ, ಬಿಸ್ಕಿಟು ಸಾಕು ಎನ್ನುತ್ತಾಳೆ. ಮಧ್ಯಾಹ್ನ ಉಂಡು ಕೈ ತೊಳೆದ ಕೂಡಲೇ ಮತ್ತೆ ಅರ್ಧ ಲೋಟ ಚಹಾ ಬೇಕು.

ಅತ್ತೆಯವರು ಗಂಜಿ ಕುಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಮಗಳ ಗೆಳತಿಯರು ಡಬ್ಬಿಯ ಪ್ರೋಟೀನ್ ಪುಡಿ ತೆಗೆದುಕೊಳ್ಳುತ್ತಾರಂತೆ, ಅದನ್ನು ತರಿಸಿಕೊಡು ಎಂದು ಅವಳ ಹಟ. ಗಂಜಿಯಲ್ಲಿ ನಿಜವಾಗಿ ಸತ್ವವಿದೆಯೇ, ಪುಡಿ ಬೇಕೇ, ಇಷ್ಟೆಲ್ಲ ಉಂಡರೂ ರಕ್ತ ಏಕೆ ಕಡಿಮೆಯಾಯಿತು ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಜೀವಶಾಸ್ತ್ರದ ಮಾಸ್ತರ, ಶಿರಸಿ

ಅಕ್ಕನವರೇ, ಬಹಳ ಮುಖ್ಯವಾದ ಪ್ರಶ್ನೆ ಕೇಳಿದ್ದೀರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೊಟ್ಟೆ ತುಂಬ ಉಣ್ಣುವ ಮನೆಗಳ ಹೆಣ್ಣುಮಕ್ಕಳೂ ಈ ಲೆಕ್ಕದಲ್ಲಿದ್ದಾರೆ. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. 8ರಿಂದ 10.9ರ ನಡುವಿನದು ಮಧ್ಯಮ ಪ್ರಮಾಣದ್ದು, ನಿಮ್ಮ ಮಗಳದ್ದು ಅದೇ.

ಮೊದಲು ಕಬ್ಬಿಣದ ಜಮಾಖರ್ಚನ್ನು ನೋಡೋಣ. ವಯಸ್ಕರ ದೇಹದಲ್ಲಿ ಇರುವ ಒಟ್ಟು ಕಬ್ಬಿಣ ಮೂರು ನಾಲ್ಕು ಗ್ರಾಂ ಮಾತ್ರ, ಅದರ ಬಹುಪಾಲು ಕೆಂಪು ರಕ್ತಕಣಗಳೊಳಗಿನ ಹಿಮೋಗ್ಲೋಬಿನ್‌ನಲ್ಲಿ ಇರುತ್ತದೆ. ರಕ್ತಕಣದ ಆಯುಷ್ಯ ಸುಮಾರು 120 ದಿನ. ಹಳೆಯ ಕಣ ಒಡೆದಾಗ ಅದರ ಕಬ್ಬಿಣವನ್ನು ದೇಹ ಬಿಸಾಡದೆ ಹೊಸ ಕಣಕ್ಕೆ ಬಳಸುತ್ತದೆ, ಆದ್ದರಿಂದ ಗಂಡಸರಿಗೆ ದಿನದ ನಷ್ಟ ಸುಮಾರು 1 ಮಿಲಿಗ್ರಾಂ ಅಷ್ಟೇ. ಹೆಣ್ಣುಮಕ್ಕಳಿಗೆ ಇದರ ಮೇಲೆ ಮುಟ್ಟಿನ ನಷ್ಟವಿದೆ. 1 ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಸಾಮಾನ್ಯ ಸ್ರಾವದಲ್ಲಿಯೇ ತಿಂಗಳಿಗೆ 15ರಿಂದ 20 ಮಿಲಿಗ್ರಾಂ ಖರ್ಚಾಗುತ್ತದೆ, ಸ್ರಾವ ಹೆಚ್ಚಿದ್ದರೆ ಇನ್ನೂ ಹೆಚ್ಚು. ಬೆಳೆಯುವ ವಯಸ್ಸಿನಲ್ಲಿ ರಕ್ತದ ಒಟ್ಟು ಪ್ರಮಾಣವೂ ಹೆಚ್ಚಬೇಕಾಗಿರುವುದರಿಂದ ಖರ್ಚು ಎರಡು ಕಡೆಯಿಂದ ಬರುತ್ತದೆ.

ಇನ್ನು ಜಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಲ್ಲಿ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ, ಪುರುಷನಿಗೆ 19 ಮಿಲಿಗ್ರಾಂ ಕಬ್ಬಿಣ ಎಂದಿದೆ. ದೇಹದ ಖರ್ಚು ಅಷ್ಟಿಲ್ಲದಿದ್ದರೂ ಇಷ್ಟು ದೊಡ್ಡ ಅಂಕಿ ಏಕೆಂದರೆ, ಅಕ್ಕಿ, ಬೇಳೆ, ಸೊಪ್ಪಿನ ಊಟದಲ್ಲಿರುವ ಕಬ್ಬಿಣದಲ್ಲಿ ಸಣ್ಣ ಕರುಳು ಹೀರಿಕೊಳ್ಳುವುದು ನೂರಕ್ಕೆ ಎಂಟರ ಆಸುಪಾಸು ಎಂಬ ಲೆಕ್ಕದ ಮೇಲೆ ಅದು ನಿಂತಿದೆ. ಉಳಿದದ್ದು ಮಲದಲ್ಲಿ ಹೊರಗೆ ಹೋಗುತ್ತದೆ. ತಟ್ಟೆಯಲ್ಲಿ ಕಬ್ಬಿಣ ಇದ್ದರೆ ಅದು ರಕ್ತಕ್ಕೆ ಬಂದಂತಾಗಲಿಲ್ಲ. ತಟ್ಟೆಯಲ್ಲಿ ಅದರ ಜೊತೆಗೆ ಇನ್ನೇನಿದೆ ಎಂಬುದರ ಮೇಲೆ ಅದರ ದಾರಿ ನಿರ್ಧಾರವಾಗುತ್ತದೆ. ನಾನು ತರಗತಿಯಲ್ಲಿ ಎಲ್ಲಕ್ಕಿಂತ ಒತ್ತಿ ಹೇಳುವ ವಿಷಯ ಇದೇ.

ಮಾಂಸ, ಮೀನು, ಚಿಪ್ಪುಮೀನುಗಳಲ್ಲಿರುವ ಕಬ್ಬಿಣದ ಒಂದು ಭಾಗ ಹೀಮ್ ಎಂಬ ರೂಪದಲ್ಲಿರುತ್ತದೆ, ಅದರಲ್ಲಿ ಸುಮಾರು ಕಾಲುಭಾಗ ಹೀರಲ್ಪಡುತ್ತದೆ. ಸೊಪ್ಪು, ಬೇಳೆ, ಧಾನ್ಯಗಳ ಕಬ್ಬಿಣ ಬೇರೆ ರೂಪದ್ದು. ಲಿಂಬೆಹುಳಿಯಲ್ಲಿರುವ ಸಿ ಜೀವಸತ್ವವು ಅದನ್ನು ಕರುಳಿನ ಗೋಡೆ ದಾಟಬಲ್ಲ ರೂಪಕ್ಕೆ ಇಳಿಸುತ್ತದೆ. ಚಹಾದ ಒಗರು ಅದನ್ನು ಕರುಳಿನಲ್ಲಿಯೇ ಹಿಡಿದುಹಾಕುತ್ತದೆ. ಊಟದ ಜೊತೆಗೋ ಉಂಡ ಕೂಡಲೇಯೋ ಚಹಾ ಕುಡಿದರೆ ಆ ಊಟದ ಕಬ್ಬಿಣ ಹೀರುವಿಕೆ ಅರ್ಧಕ್ಕಿಂತಲೂ ಹೆಚ್ಚು ಕುಗ್ಗಬಹುದು. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮಧ್ಯಾಹ್ನದ ಆ ಅರ್ಧ ಲೋಟ. ಚಹಾ ಬಿಡಬೇಕೆಂದು ಹೇಳುತ್ತಿಲ್ಲ. ಊಟಕ್ಕೂ ಮಾತ್ರೆಗೂ ಚಹಾಕ್ಕೂ ಕನಿಷ್ಠ ಒಂದು ತಾಸಿನ ಅಂತರವಿರಲಿ. ಮಾತ್ರೆಯನ್ನು ಹಾಲಿನ ಜೊತೆಗೂ ಕೊಡಬೇಡಿ. ಹರಿವೆಯ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ಲಿಂಬೆಹುಳಿ ಹಿಂಡಿ, ಏಕೆಂದರೆ ಕುದಿಯುವಾಗ ಹಾಕಿದ ಹುಳಿಯ ಸಿ ಜೀವಸತ್ವ ಬಹುಮಟ್ಟಿಗೆ ಹಾಳಾಗುತ್ತದೆ.

ಜಂತುಹುಳದ ಔಷಧ ಆಗಿದೆಯೇ, ಮುಟ್ಟಿನ ಸ್ರಾವ ಹೆಚ್ಚಾಗಿದೆಯೇ ಎಂಬ ಎರಡು ವಿಷಯಗಳನ್ನು ವೈದ್ಯರ ಬಳಿ ಮಾತನಾಡಿ. ಬರಿಗಾಲಿನಲ್ಲಿ ಗದ್ದೆ ತೋಟ ತಿರುಗುವ ನಮ್ಮ ಕಡೆ ಕೊಕ್ಕೆಹುಳ ಚರ್ಮದ ಮೂಲಕ ಒಳಹೊಕ್ಕು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹಾಗಿದ್ದಾಗ ಎಷ್ಟು ಉಂಡರೂ ಸಾಲದು.

ಬೈತಖೋಲ ಬಂದರು, ಕಾರವಾರ

ಮಾಸ್ತರರೇ, ಚೆನ್ನಾಗಿ ತಿಳಿಸಿದಿರಿ. ಹಾಗಾದರೆ ದಿನಾ ಮೀನು ತಿನ್ನುವ ನಮಗೆ ಕಬ್ಬಿಣದ ಕೊರತೆ ಇರಬಾರದಲ್ಲವೇ? ನಮ್ಮ ಮನೆಯಲ್ಲಿಯೂ ಹೆಂಗಸರಿಗೆ ಇದೇ ತೊಂದರೆ ಇದೆ.

ಪಥ್ಯಾಹಾರ, ಹೊನ್ನಾವರ

ಅಣ್ಣಾ, ನಾನು ಆಸ್ಪತ್ರೆಯೊಂದರಲ್ಲಿ ಪಥ್ಯತಜ್ಞೆಯಾಗಿದ್ದೇನೆ. ಬಂಗಡೆ, ತಾರ್ಲೆಗಳ ಮಾಂಸದಲ್ಲಿ ಕಬ್ಬಿಣ ಇದ್ದರೂ ಅದರ ಪ್ರಮಾಣ ದೊಡ್ಡದಲ್ಲ. ಅವುಗಳ ದೊಡ್ಡ ಉಪಕಾರ ಬೇರೆ ಕಡೆ ಇದೆ: ನೂರು ಗ್ರಾಂಗೆ ಸುಮಾರು 19 ಗ್ರಾಂ ಉತ್ತಮ ಪ್ರೋಟೀನ್, ಹೃದಯಕ್ಕೂ ಮಿದುಳಿಗೂ ಬೇಕಾದ ಒಮೆಗಾ–3 ಕೊಬ್ಬು, ಬಿ12, ಅಯೋಡಿನ್. ಇದರ ಜೊತೆಗೆ, ಮೀನನ್ನು ಸೊಪ್ಪು ಬೇಳೆಗಳೊಡನೆ ಒಂದೇ ಊಟದಲ್ಲಿ ತಿಂದರೆ ಸೊಪ್ಪಿನ ಕಬ್ಬಿಣವೂ ಹೆಚ್ಚು ಹೀರಲ್ಪಡುತ್ತದೆ. ಮೀನು ಸಾರಿದ್ದ ದಿನ ಪಲ್ಯ ಮಾಡದೆ ಬಿಡುವ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿದೆ, ಅದನ್ನು ಬದಲಿಸಿದರೆ ಒಳ್ಳೆಯದು.

ಚಿಪ್ಪಿನೊಳಗಿನ ಬಳಚಿನ ಮಾತು ಬೇರೆ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಕುತ್ತಿಗೆಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ ಆರಿಸುವ ಆ ಬಳಚಿನಲ್ಲಿ ಕಬ್ಬಿಣವೂ ಬಿ12 ಜೀವಸತ್ವವೂ ಮೀನಿಗಿಂತ ಬಹಳ ಹೆಚ್ಚು. ಆರಿಸಿ ತಂದವರೇ ಎಲ್ಲವನ್ನೂ ಪೇಟೆಗೆ ಕಳಿಸಿ ಮನೆಗೆ ಒಂದು ಹಿಡಿಯನ್ನೂ ಉಳಿಸಿಕೊಳ್ಳದಿರುವುದನ್ನು ನಾನು ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ಊಟದಲ್ಲಿ ಕೊನೆಗೆ ಕೂರುವ ಹೆಂಗಸಿನ ಪಾಲಿಗೆ ಉಳಿಯುವುದು ಸಾರು ಮಾತ್ರ, ಹೋಳು ಅಲ್ಲ ಎಂಬುದೂ ನಿಮ್ಮ ಪ್ರಶ್ನೆಗೆ ಉತ್ತರದ ಒಂದು ಭಾಗ.

ಪ್ರೋಟೀನ್ ಪುಡಿಯ ವಿಷಯ. ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕೆಂಬುದು ಶಿಫಾರಸು. 55 ಕಿಲೋ ತೂಕದವರಿಗೆ ಅದು ಸುಮಾರು 46 ಗ್ರಾಂ. ಇಡೀ ದಿನಕ್ಕೆ ಕಾಲು ಕಿಲೋ ಅಕ್ಕಿಯ ಅನ್ನ ಉಂಡರೆ ಸುಮಾರು 19 ಗ್ರಾಂ, ಒಂದು ಹಿಡಿ ತೊಗರಿಬೇಳೆಯಿಂದ ಒಂಬತ್ತು ಗ್ರಾಂ, ನೂರು ಗ್ರಾಂ ಮೀನಿನಿಂದ 19 ಗ್ರಾಂ. ಲೆಕ್ಕ ಅಲ್ಲಿಗೆ ತುಂಬಿತು. ಮೊಟ್ಟೆ, ಹಾಲು ಸೇರಿದರೆ ಇನ್ನೂ ಒಳ್ಳೆಯದು. ಪ್ರೋಟೀನ್ ಹೊಟ್ಟೆಯ ಆಮ್ಲದಲ್ಲಿ ಸಡಿಲಗೊಂಡು, ಪೆಪ್ಸಿನ್‌ನಿಂದಲೂ ಮೇದೋಜೀರಕದ ರಸಗಳಿಂದಲೂ ತುಂಡಾಗಿ, ಅಮೈನೋ ಆಮ್ಲಗಳಾಗಿ ರಕ್ತ ಸೇರುತ್ತದೆ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳಲ್ಲಿ ಒಂಬತ್ತನ್ನು ದೇಹ ತಾನಾಗಿ ತಯಾರಿಸಲಾರದು. ಆ ಒಂಬತ್ತರಲ್ಲಿ ಒಂದಾದ ಲೈಸಿನ್ ಅಕ್ಕಿಯಲ್ಲಿ ಕಡಿಮೆ, ಬೇಳೆಯಲ್ಲಿ ಧಾರಾಳ. ಇನ್ನೊಂದಾದ ಮೆಥಿಯೋನಿನ್ ಬೇಳೆಯಲ್ಲಿ ಕಡಿಮೆ, ಅಕ್ಕಿಯಲ್ಲಿ ಅದಕ್ಕೆ ಕೊರತೆಯಿಲ್ಲ. ಅನ್ನಕ್ಕೆ ತೊವ್ವೆ ಬಡಿಸುವ ನಮ್ಮ ರೂಢಿಯಲ್ಲಿ ಈ ಹೊಂದಾಣಿಕೆ ತಾನಾಗಿ ಆಗುತ್ತದೆ. ಬೇಕಾದುದಕ್ಕಿಂತ ಹೆಚ್ಚಾಗಿ ತೆಗೆದುಕೊಂಡ ಪ್ರೋಟೀನನ್ನು ಕೂಡಿಟ್ಟುಕೊಳ್ಳುವ ವ್ಯವಸ್ಥೆ ದೇಹದಲ್ಲಿಲ್ಲ. ಯಕೃತ್ತು ಅದರ ಸಾರಜನಕವನ್ನು ಯೂರಿಯಾ ಮಾಡುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ, ಉಳಿದದ್ದು ಉರಿದುಹೋಗುತ್ತದೆ ಅಥವಾ ಕೊಬ್ಬಾಗುತ್ತದೆ. ಆ ಡಬ್ಬಿಯ ಹಣದಲ್ಲಿ ಮಗಳಿಗೆ ಮೊಟ್ಟೆ, ನೆಲ್ಲಿಕಾಯಿ, ಪೇರಲೆ ತಂದುಕೊಡಿ.

ಅಘನಾಶಿನಿ ತಡಿ, ಕುಮಟಾ

ಇಬ್ಬರಿಗೂ ಧನ್ಯವಾದಗಳು. ಕೊನೆಗೆ ಕೂರುವವರ ಪಾಲಿನ ಮಾತು ಓದಿ ಮನಸ್ಸಿಗೆ ತಟ್ಟಿತು. ನಮ್ಮಲ್ಲಿಯೂ ಹಾಗೆಯೇ ನಡೆಯುತ್ತದೆ. ಅತ್ತೆಯವರ ಗಂಜಿಯ ಬಗ್ಗೆ ಯಾರೂ ಹೇಳಲಿಲ್ಲ.

ಜೀವಶಾಸ್ತ್ರದ ಮಾಸ್ತರ, ಶಿರಸಿ

ನಿಮ್ಮ ಅತ್ತೆಯವರ ಮಾತಿನಲ್ಲಿ ಸತ್ಯವಿದೆ, ಆದರೆ ಅವರು ಹೇಳುವ ರೋಗಕ್ಕೆ ಅದು ಮದ್ದಲ್ಲ. ಅಕ್ಕಿಯಲ್ಲಿ ಕಬ್ಬಿಣ ಕಡಿಮೆಯಿರುವುದರಿಂದ ಗಂಜಿಯಿಂದ ಹಿಮೋಗ್ಲೋಬಿನ್ ಏರುವುದಿಲ್ಲ. ಕುಚ್ಚಲಕ್ಕಿಯ ಗುಣ ಬಿ1 ಅಥವಾ ಥಯಾಮಿನ್ ಎಂಬ ಜೀವಸತ್ವಕ್ಕೆ ಸಂಬಂಧಿಸಿದ್ದು, ಮತ್ತು ಅದರ ಇತಿಹಾಸ ಬಹಳ ದೊಡ್ಡದು.

ಭತ್ತವನ್ನು ನೆನೆಸಿ, ಕುದಿಸಿ, ಒಣಗಿಸಿ ಆಮೇಲೆ ಮಿಲ್ಲು ಮಾಡಿದರೆ ಕುಚ್ಚಲಕ್ಕಿ. ಕುದಿಯುವಾಗ ತವುಡಿನ ಪದರದಲ್ಲಿರುವ, ನೀರಿನಲ್ಲಿ ಕರಗುವ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿಯುತ್ತವೆ, ಬೆಂದು ಗಟ್ಟಿಯಾದ ಪಿಷ್ಟ ಅವುಗಳನ್ನು ಅಲ್ಲಿ ಹಿಡಿದಿಡುತ್ತದೆ. ಆದ್ದರಿಂದ ತವುಡು ತೆಗೆದರೂ ಅವು ಬಹುಪಾಲು ಉಳಿಯುತ್ತವೆ. ಬೆಳ್ತಿಗೆ ಅಕ್ಕಿಯಲ್ಲಿ ತವುಡಿನ ಜೊತೆ ಅವೂ ಹೋಗುತ್ತವೆ. 1890ರ ದಶಕದಲ್ಲಿ ಜಾವಾದಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತುಹೋಗುವುದನ್ನೂ, ತವುಡಿರುವ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಳ್ಳುವುದನ್ನೂ ಗಮನಿಸಿದರು. ಥಯಾಮಿನ್ ಕೊರತೆಯಿಂದ ನರ, ಹೃದಯಗಳು ಸೋಲುವ ಬೆರಿಬೆರಿ ರೋಗದ ಗುಟ್ಟು ಬಿಚ್ಚಿಕೊಳ್ಳಲು ಅದೇ ಮೊದಲಾಯಿತು. 1929ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮೊದಲೇ, 20ನೆಯ ಶತಮಾನದ ಆರಂಭದಲ್ಲಿ, ಮಲಯಾದಲ್ಲಿ ಬ್ರಾಡನ್ ಎಂಬ ವೈದ್ಯರು ಬೆಳ್ತಿಗೆ ಅಕ್ಕಿ ಉಣ್ಣುವ ಚೀನೀ ಕೂಲಿಗಳಿಗೆ ಬೆರಿಬೆರಿ ಬರುತ್ತಿದ್ದು, ಕುಚ್ಚಲಕ್ಕಿ ಉಣ್ಣುವ ತಮಿಳರಿಗೆ ಬರುತ್ತಿರಲಿಲ್ಲವೆಂದು ದಾಖಲಿಸಿದ್ದರು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರ ಕೈಯಲ್ಲಿ ಬೆರಿಬೆರಿ ವಿಚಾರಣೆಯ ಸಣ್ಣ ಘಟಕವಾಗಿ ಹುಟ್ಟಿದ್ದು.

ಥಯಾಮಿನ್ ಇಲ್ಲದೆ ಅನ್ನದ ಸಕ್ಕರೆಯಿಂದ ಶಕ್ತಿ ತೆಗೆಯಲು ಜೀವಕೋಶಕ್ಕೆ ಆಗುವುದಿಲ್ಲ. ಹೆಚ್ಚು ಅನ್ನ ಉಣ್ಣುವವರಿಗೆ ಥಯಾಮಿನ್ ಹೆಚ್ಚು ಬೇಕಾಗುವುದು ಈ ಕಾರಣಕ್ಕೆ. ಕುಚ್ಚಲಕ್ಕಿ ಬೇಯಿಸಿ ಬಸಿದಾಗ ಅದರ ಒಂದು ಪಾಲು ತಿಳಿಯಲ್ಲಿ ಹೊರಗೆ ಹೋಗುತ್ತದೆ. ಅತ್ತೆಯವರು ಆ ತಿಳಿಗೆ ಉಪ್ಪು ಹಾಕಿ ಕುಡಿಯುತ್ತಾರಾದರೆ, ಅಥವಾ ಅನ್ನವನ್ನು ಬಸಿಯದೆ ಗಂಜಿಯಾಗಿಯೇ ಉಣ್ಣುತ್ತಾರಾದರೆ, ಅವರು ಮಾಡುತ್ತಿರುವುದು ಸರಿ. ಕುಕ್ಕರಿನಲ್ಲಿ ನೀರು ಇಂಗಿಸಿ ಬೇಯಿಸಿದರೂ ಬಸಿದು ಚೆಲ್ಲುವ ನಷ್ಟ ತಪ್ಪುತ್ತದೆ.

ಬೈತಖೋಲ ಬಂದರು, ಕಾರವಾರ

ನಮ್ಮ ತಂದೆಯವರು ಬೋಟಿನಿಂದ ಬಂದವರೇ ದೊಡ್ಡ ಬಟ್ಟಲು ಗಂಜಿ, ಒಣಮೀನು ಉಂಡು ಅರವತ್ತೈದು ದಾಟುವವರೆಗೂ ಗಟ್ಟಿಯಾಗಿದ್ದರು. ಅದೇ ಊಟ ಉಣ್ಣುವ ನನ್ನ ತಮ್ಮನಿಗೆ ನಲವತ್ತಕ್ಕೇ ಸಕ್ಕರೆ ಕಾಯಿಲೆ ಬಂದಿದೆ. ಅವನು ಕಚೇರಿಯಲ್ಲಿ ಕೆಲಸ ಮಾಡುತ್ತಾನೆ. ಅನ್ನವೇ ಕೆಟ್ಟದ್ದು ಎಂದು ಈಗ ಎಲ್ಲರೂ ಹೇಳುತ್ತಿದ್ದಾರೆ, ಹೌದೇ?

ಪಥ್ಯಾಹಾರ, ಹೊನ್ನಾವರ

ಅನ್ನವನ್ನು ದೂರುವ ಮೊದಲು ಅದು ಎಲ್ಲಿ ಖರ್ಚಾಗುತ್ತದೆ ಎಂದು ನೋಡಬೇಕು. ಅನ್ನದ ಪಿಷ್ಟವನ್ನು ಬಾಯಿಯ ಜೊಲ್ಲು ಒಡೆಯಲು ತೊಡಗುತ್ತದೆ, ಮುಖ್ಯ ಕೆಲಸ ಸಣ್ಣ ಕರುಳಿನಲ್ಲಿ ಮೇದೋಜೀರಕದ ರಸದಿಂದ ನಡೆಯುತ್ತದೆ, ಕೊನೆಗೆ ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತದೆ. ಆಗ ಇನ್ಸುಲಿನ್ ಹೊರಬಂದು ಅದನ್ನು ಜೀವಕೋಶಗಳಿಗೆ ಸೇರಿಸುತ್ತದೆ. ಕೂಡಲೇ ಬೇಡವಾದ ಗ್ಲೂಕೋಸನ್ನು ದೇಹ ಗ್ಲೈಕೋಜೆನ್ ಮಾಡಿ ಇಡುತ್ತದೆ, ಆದರೆ ಆ ಕಣಜ ಚಿಕ್ಕದು: ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಬಲೆ ಎಳೆದವರ ಸ್ನಾಯುವಿನ ಕಣಜ ದಿನಾ ಬರಿದಾಗುತ್ತದೆ, ಉಂಡ ಗಂಜಿ ನೇರವಾಗಿ ಅಲ್ಲಿಗೆ ಹೋಗುತ್ತದೆ. ಕುಳಿತು ಕೆಲಸ ಮಾಡುವವರ ಕಣಜ ತುಂಬಿಯೇ ಇರುವುದರಿಂದ ಹೆಚ್ಚಿನದು ಕೊಬ್ಬಾಗುತ್ತದೆ, ಆ ಕೊಬ್ಬು ಹೊಟ್ಟೆಯ ಸುತ್ತ ಮತ್ತು ಯಕೃತ್ತಿನಲ್ಲಿ ಸೇರಿದಂತೆ ಇನ್ಸುಲಿನ್‌ನ ಮಾತನ್ನು ಜೀವಕೋಶಗಳು ಕೇಳದಂತಾಗುತ್ತವೆ.

ಶಿಫಾರಸಿನ ಅಂಕಿಗಳಲ್ಲಿಯೂ ಈ ಅಂತರವಿದೆ. 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ 2,110 ಕಿಲೋ ಕ್ಯಾಲರಿ, ಕಷ್ಟದ ಮೈಗೆಲಸದವನಾದರೆ 3,470. ಅಂದರೆ ನಿಮ್ಮ ತಂದೆಯವರಿಗೂ ತಮ್ಮನವರಿಗೂ ನಡುವೆ 1,300ಕ್ಕೂ ಹೆಚ್ಚು ಕಿಲೋ ಕ್ಯಾಲರಿಗಳ ವ್ಯತ್ಯಾಸ ಇರಬಹುದು. ಸಕ್ಕರೆ ಕಾಯಿಲೆಗೆ ವಂಶವಾಹಿಯ ಕಾರಣವೂ ಇರುತ್ತದೆಯಾದ್ದರಿಂದ ಬಟ್ಟಲೊಂದನ್ನೇ ಗುರಿಮಾಡುವುದು ನ್ಯಾಯವಲ್ಲ. ಅನ್ನವನ್ನು ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ಪಲ್ಯ, ಬೇಳೆ, ಮೀನು ಬರಲಿ. ಊಟದ ನಂತರ ಸ್ವಲ್ಪ ಹೊತ್ತು ನಡೆಯಲಿ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್‌ನ ಸಹಾಯವಿಲ್ಲದೆಯೂ ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅನ್ನ ಇಳಿಸುವ ಮೊದಲು ವೈದ್ಯರಿಗೆ ತಿಳಿಸಬೇಕು, ಸಕ್ಕರೆ ಅಂಶ ತೀರಾ ಕೆಳಗಿಳಿಯುವ ಅಪಾಯವಿರುತ್ತದೆ.

ಬೋಟಿಗೆ ಹೋಗುವವರಿಗೂ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುವಾಗ ಮೈಗೆಲಸ ಇಳಿಯುತ್ತದೆ, ಬಟ್ಟಲು ಇಳಿಯುವುದಿಲ್ಲ. ಮೇಲಿಂದ ಒಣಮೀನಿನ ಉಪ್ಪು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು ಸಾಕು ಎಂಬುದು ಶಿಫಾರಸು; ಒಣಮೀನನ್ನು ಚೆನ್ನಾಗಿ ನೆನೆಸಿ, ಆ ನೀರು ಚೆಲ್ಲಿ ಬಳಸಿರಿ.

ತೋಟಪಟ್ಟಿ, ಸಿದ್ದಾಪುರ

ಚರ್ಚೆ ಕರಾವಳಿಯ ಮೀನಿನ ಸುತ್ತಲೇ ತಿರುಗುತ್ತಿದೆ, ಘಟ್ಟದ ಮೇಲಿನ ನಮ್ಮಂತಹ ಸಸ್ಯಾಹಾರಿಗಳಿಗೂ ಸ್ವಲ್ಪ ಹೇಳಿ. ನನಗೆ ಅರವತ್ತೆರಡು ವರ್ಷ. ಅಂಗಾಲು ಜುಮುಗುಟ್ಟುತ್ತದೆ, ಕತ್ತಲೆಯಲ್ಲಿ ಹೆಜ್ಜೆ ತಪ್ಪಿದಂತಾಗುತ್ತದೆ. ದಿನವೂ ತಂಬುಳಿ, ಅಪ್ಪೆಹುಳಿ, ಮಜ್ಜಿಗೆ ಇಲ್ಲದೆ ಊಟವಿಲ್ಲ. ಒಂದೆಲಗದ ತಂಬುಳಿ ನರಗಳಿಗೆ ಒಳ್ಳೆಯದೆಂದು ಹೇಳುತ್ತಾರಾದರೂ ಗುಣ ಕಾಣುತ್ತಿಲ್ಲ.

ಜೀವಶಾಸ್ತ್ರದ ಮಾಸ್ತರ, ಶಿರಸಿ

ಭಾವನವರೇ, ದಯವಿಟ್ಟು ತಡಮಾಡದೆ ವೈದ್ಯರ ಬಳಿ ಹೋಗಿ ಬಿ12 ಮತ್ತು ಸಕ್ಕರೆ ಎರಡನ್ನೂ ಪರೀಕ್ಷೆ ಮಾಡಿಸಿ. ಬಿ12 ಕೊರತೆ ಬಹುಕಾಲ ಉಳಿದರೆ ನರಗಳಿಗೆ ಆಗುವ ಹಾನಿ ಪೂರ್ತಿಯಾಗಿ ಸರಿಹೋಗದಿರಬಹುದು.

ಬಿ12 ಅನ್ನು ತಯಾರಿಸುವುದು ಸೂಕ್ಷ್ಮಾಣುಗಳು, ನಮಗೆ ಅದು ಸಿಗುವುದು ಪ್ರಾಣಿಮೂಲದ ಆಹಾರದಿಂದ. ಒಂದೆಲಗದಲ್ಲಾಗಲಿ, ಇನ್ನಾವುದೇ ಸೊಪ್ಪಿನಲ್ಲಾಗಲಿ ಅದಿಲ್ಲ. ಹುಳಿಬಂದ ದೋಸೆ ಹಿಟ್ಟನ್ನು ನಂಬುವಂತೆಯೂ ಇಲ್ಲ. ಸಸ್ಯಾಹಾರಿಗಳಿಗೆ ಆಸರೆ ಹಾಲು, ಮೊಸರು. ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂಗಿಂತ ಕೊಂಚ ಹೆಚ್ಚು, ನೂರು ಮಿಲಿಲೀಟರ್ ಹಾಲಿನಲ್ಲಿರುವುದು ಅರ್ಧ ಮೈಕ್ರೋಗ್ರಾಂಗಿಂತ ಹೆಚ್ಚಲ್ಲ. ಹೆಚ್ಚು ನೀರು ಬೆರೆಸಿದ ಮಜ್ಜಿಗೆಯಲ್ಲಿ ಎಷ್ಟು ಉಳಿಯುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ, ತಮಗೆ ಚಹಾಕ್ಕೆ ಬೇಕಾದಷ್ಟನ್ನೇ ಇಟ್ಟುಕೊಳ್ಳುವ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿಲ್ಲ!

ಉಂಡ ಬಿ12 ರಕ್ತ ಸೇರುವ ದಾರಿಯೂ ಉದ್ದ. ಹೊಟ್ಟೆಯ ಆಮ್ಲ ಅದನ್ನು ಆಹಾರದಿಂದ ಬಿಡಿಸಬೇಕು. ಜಠರದ ಗೋಡೆಯಲ್ಲಿ ಸ್ರವಿಸುವ ಒಂದು ವಿಶೇಷ ಪ್ರೋಟೀನ್ ಅದನ್ನು ಹಿಡಿದುಕೊಳ್ಳಬೇಕು. ಆ ಜೋಡಿ ಸಣ್ಣ ಕರುಳಿನ ಕಟ್ಟಕಡೆಯ ಭಾಗಕ್ಕೆ ತಲುಪಿದ ಮೇಲೆಯೇ ಹೀರಲ್ಪಡುತ್ತದೆ. ವಯಸ್ಸಾದಂತೆ ಆಮ್ಲ ಕಡಿಮೆಯಾಗುತ್ತದೆ. ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ನುಂಗುವ ಆಮ್ಲ ತಗ್ಗಿಸುವ ಮಾತ್ರೆಯೂ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಈ ಹೀರುವಿಕೆಯನ್ನು ಕುಗ್ಗಿಸುತ್ತವೆ. ಇವುಗಳಲ್ಲಿ ಯಾವುದಾದರೂ ನೀವು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ, ತಾವಾಗಿಯೇ ನಿಲ್ಲಿಸಬೇಡಿ. ಯಕೃತ್ತಿನ ದಾಸ್ತಾನು ವರ್ಷಗಳ ಕಾಲ ಬರುವುದರಿಂದ ಕೊರತೆ ಮೆಲ್ಲಗೆ ಬಂದು ಮೆಲ್ಲಗೆ ಕಾಣಿಸುತ್ತದೆ. ತಂಬುಳಿ ಬಿಡಬೇಕಾಗಿಲ್ಲ, ಗಟ್ಟಿ ಮೊಸರಿನಲ್ಲಿ ಮಾಡಿಸಿರಿ.

ತೋಟಪಟ್ಟಿ, ಸಿದ್ದಾಪುರ

ಗ್ಯಾಸ್ಟ್ರಿಕ್ ಮಾತ್ರೆಯನ್ನು ನಾನು ಬಹಳ ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ಸೋಮವಾರವೇ ಶಿರಸಿಗೆ ಹೋಗಿ ಪರೀಕ್ಷೆ ಮಾಡಿಸುತ್ತೇನೆ. ಇನ್ನೊಂದು ಪ್ರಶ್ನೆ: ನಾವು ಅಡಿಗೆಗೆ ಸಾಣಿಕಟ್ಟೆಯ ಹರಳುಪ್ಪನ್ನು ಬಳಸುತ್ತೇವೆ. ಸಮುದ್ರದ ಉಪ್ಪಾದ್ದರಿಂದ ಅದರಲ್ಲಿ ಅಯೋಡಿನ್ ತಾನಾಗಿ ಇರುತ್ತದೆ ಎಂದು ತಿಳಿದಿದ್ದೇವೆ.

ಪಥ್ಯಾಹಾರ, ಹೊನ್ನಾವರ

ಸಮುದ್ರದ ನೀರಿನಲ್ಲಿ ಅಯೋಡಿನ್ ಇದೆ ನಿಜ, ಆದರೆ ಆಗರದಲ್ಲಿ ನೀರು ಆರಿ ಹರಳುಗಟ್ಟಿದ ಉಪ್ಪಿನಲ್ಲಿ ಉಳಿಯುವುದು ಅತ್ಯಲ್ಪ. ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನನ್ನು ಕಟ್ಟಲು ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಡುತ್ತದೆ, ಗರ್ಭಿಣಿಗೆ 250. ಮೀನು ಉಣ್ಣುವವರಿಗೆ ಒಂದಿಷ್ಟು ಅಲ್ಲಿಂದ ಬರುತ್ತದೆ. ನೀವು ಮೀನು ಉಣ್ಣುವವರಲ್ಲವಾದ್ದರಿಂದ ಅಯೋಡಿನ್ ಸೇರಿಸಿದ ಉಪ್ಪು ನಿಮಗೆ ಇನ್ನೂ ಅಗತ್ಯ. ಊಟಕ್ಕೆ ಅಯೋಡಿನ್ ಇಲ್ಲದ ಉಪ್ಪನ್ನು ಮಾರುವುದನ್ನು 2006ರಿಂದ ದೇಶದಾದ್ಯಂತ ನಿಷೇಧಿಸಿರುವುದು ಹುಟ್ಟುವ ಮಕ್ಕಳ ಮಿದುಳಿನ ಬೆಳವಣಿಗೆಗಾಗಿ. ಪೊಟ್ಟಣದ ಮೇಲೆ ನೋಡಿ ಕೊಳ್ಳಿರಿ, ಮುಚ್ಚಳವಿರುವ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಿ. ಮಿಡಿ ಉಪ್ಪಿನಕಾಯಿಗೆ ನಿಮ್ಮ ಹರಳುಪ್ಪು ಇರಲಿ.

ಸೊಪ್ಪಿನ ಮಾತು ಬಂದಿರುವುದರಿಂದ ಕೊಬ್ಬಿನ ಬಗ್ಗೆಯೂ ಸೇರಿಸುತ್ತೇನೆ. ನುಗ್ಗೆಸೊಪ್ಪು, ಕಳಿತ ಮಾವು, ಹಲಸಿನ ತೊಳೆಗಳ ಹಳದಿ ಬಣ್ಣದ ಅಂಶದಿಂದ ದೇಹ ಎ ಜೀವಸತ್ವ ಮಾಡಿಕೊಳ್ಳುತ್ತದೆ, ಆದರೆ ಎ, ಡಿ, ಇ, ಕೆ ನಾಲ್ಕೂ ಕೊಬ್ಬಿನಲ್ಲಿ ಕರಗುವಂಥವು. ಪಿತ್ತರಸ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆದು ಕೊಡುವಾಗ ಇವೂ ಅದರ ಜೊತೆ ಕರುಳಿನ ಗೋಡೆ ದಾಟುತ್ತವೆ. ಎಣ್ಣೆಯನ್ನೇ ಬಿಟ್ಟು ಬೇಯಿಸಿದ ಸೊಪ್ಪು ತಿನ್ನುವವರಿಗೆ ಇದು ಪೂರ್ತಿ ಸಿಗುವುದಿಲ್ಲ. ಪಲ್ಯದ ಮೇಲಿನ ಒಂದು ಮುಷ್ಟಿ ಕಾಯಿತುರಿಯಿಂದ ಆ ಕೆಲಸ ಆಗುತ್ತದೆ. ಆದರೆ ತೆಂಗಿನೆಣ್ಣೆಯ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 90 ಭಾಗ, ಅತಿಯಾದರೆ ಹೃದಯಕ್ಕೆ ಒಳ್ಳೆಯದಲ್ಲದ ಪರ್ಯಾಪ್ತ ಕೊಬ್ಬು ಇರುವುದರಿಂದಲೂ, ಯಾವ ಎಣ್ಣೆಯಾದರೂ ಗ್ರಾಂಗೆ 9 ಕಿಲೋ ಕ್ಯಾಲರಿ ಕೊಡುವುದರಿಂದಲೂ ಕೈ ಬಿಗಿಯಿರಲಿ. ಅದನ್ನು ಎಲ್ಲ ರೋಗಕ್ಕೂ ಮದ್ದೆಂದು ಚಮಚದಲ್ಲಿ ಕುಡಿಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ಅಂಗನವಾಡಿ ಅಕ್ಕ, ಅಂಕೋಲಾ

ಎಲ್ಲರ ಬರಹಗಳನ್ನೂ ಓದಿದೆ. ಕ್ಷೇತ್ರದಲ್ಲಿ ನಾವು ಎದುರಿಸುವ ಎರಡು ವಿಷಯಗಳನ್ನು ಇಲ್ಲಿ ಹೇಳಲೇಬೇಕು.

ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಸೇರಿಸಿದ್ದಾರೆಂದು ಮೊರದಲ್ಲಿ ಹರಡಿ, ಒಂದೊಂದಾಗಿ ಹೆಕ್ಕಿ ಬಿಸಾಡುವ ತಾಯಂದಿರನ್ನು ಕಂಡಿದ್ದೇನೆ. ಆ ಕಾಳುಗಳು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರಕ್ಕೆ ತಂದು, ನೂರು ಪಾಲು ಅಕ್ಕಿಗೆ ಒಂದು ಪಾಲಿನಂತೆ ಸೇರಿಸಿದ್ದು. ಬಣ್ಣದಲ್ಲಿಯೂ ಹೊಳಪಿನಲ್ಲಿಯೂ ಕೊಂಚ ಬೇರೆಯಾಗಿ ಕಾಣುತ್ತವೆ, ತೊಳೆಯುವಾಗ ಕೆಲವು ತೇಲುವುದೂ ಉಂಟು. ಹೆಕ್ಕಿ ಬಿಸಾಡಿದರೆ ಮಗಳಿಗೆ ಬೇಕಾದದ್ದನ್ನೇ ಬಿಸಾಡಿದಂತೆ. ಅಕ್ಕಿಯನ್ನು ಹತ್ತು ಸಲ ಉಜ್ಜಿ ತೊಳೆಯದೆ ಒಂದೆರಡು ಸಲ ತೊಳೆದು ಬೇಯಿಸಿ. ಕುಟುಂಬದಲ್ಲಿ ಥಲಸ್ಸೇಮಿಯಾ ಅಥವಾ ಕುಡಗೋಲು ಕಣದ ಕಾಯಿಲೆ ಎಂಬ ವಂಶಪಾರಂಪರ್ಯದ ರಕ್ತದ ಕಾಯಿಲೆಗಳು ಇರುವವರು ಮಾತ್ರ ವೈದ್ಯರನ್ನು ಕೇಳಿಕೊಳ್ಳಬೇಕು. ಕುಮಟೆಯ ಅಕ್ಕನವರೇ, ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ ಉಚಿತವಾಗಿ ಇದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ವೈದ್ಯರ ಚಿಕಿತ್ಸೆ ಮುಗಿದ ಮೇಲೆ ಅದನ್ನು ಮುಂದುವರಿಸಬಹುದೇ ಎಂದು ಕೇಳಿ. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಡಿ, ಹೀರಲ್ಪಡದೆ ಉಳಿದ ಕಬ್ಬಿಣದ ಬಣ್ಣ ಅದು.

ಎರಡನೆಯದು ಹಸುಗೂಸುಗಳಿಗೆ ಗಂಜಿಯ ತಿಳಿ ಕುಡಿಸುವುದು. ಮೇಲೆ ಗಂಜಿಯನ್ನು ಹೊಗಳಿರುವುದನ್ನು ಓದಿ ಯಾರಾದರೂ ಹಾಗೆ ಮಾಡಿಯಾರು ಎಂಬ ಆತಂಕದಿಂದ ಬರೆಯುತ್ತಿದ್ದೇನೆ. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ, ನೀರೂ ಬೇಡ.

ಜೀವಶಾಸ್ತ್ರದ ಮಾಸ್ತರ, ಶಿರಸಿ

ಅಕ್ಕೋರೇ, ಒಳ್ಳೆಯ ಹೊತ್ತಿನಲ್ಲಿ ಎಚ್ಚರಿಸಿದಿರಿ. ವಾಂತಿಭೇದಿಯಾದಾಗ ಉಪ್ಪು ಹಾಕಿದ ಗಂಜಿ ಕೊಡುವ ಪದ್ಧತಿಯ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸೂ ಸೋಡಿಯಮ್ಮೂ ಜೋಡಿಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿಯ ಸಮಯದಲ್ಲಿಯೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದಾದಾಗ, ಡಾ. ದಿಲೀಪ್ ಮಹಲಾನಬಿಸ್ ಅವರು ಉಪ್ಪು–ಗ್ಲೂಕೋಸಿನ ನೀರನ್ನು ಬಾಯಿಂದಲೇ ಕುಡಿಸಿ ಸಾವಿನ ಪ್ರಮಾಣವನ್ನು ಶೇ. 30ರಿಂದ ಶೇ. 4ಕ್ಕಿಂತ ಕೆಳಗೆ ಇಳಿಸಿದ್ದು ಇದೇ ದಾರಿಯಿಂದ. ಗಂಜಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗುವುದರಿಂದ ಉಪ್ಪು ಹಾಕಿದ ಗಂಜಿಗೂ ಈ ಗುಣವಿದೆ. ಆದರೆ ಮಕ್ಕಳಿಗೆ ಉಪ್ಪಿನ ಅಳತೆ ತಪ್ಪಬಾರದು, ಆದ್ದರಿಂದ ಓಆರ್‌ಎಸ್ ಪೊಟ್ಟಣವೇ ಮೊದಲು, ಗಂಜಿ ಅದರ ಜೊತೆಗೆ.

ಬೈತಖೋಲ ಬಂದರು, ಕಾರವಾರ

ನನ್ನ ಮೊಮ್ಮಗುವಿಗೆ ಬರುವ ವಾರ ಆರು ತಿಂಗಳು ತುಂಬುತ್ತದೆ. ಆಮೇಲೆ ಗಂಜಿ ಕೊಡಬಹುದೇ ಅಕ್ಕೋರೇ?

ಅಂಗನವಾಡಿ ಅಕ್ಕ, ಅಂಕೋಲಾ

ಕೊಡಬಹುದು ಅಣ್ಣಾ, ಆದರೆ ತಿಳಿಯಲ್ಲ. ಮಗುವಿನ ಹೊಟ್ಟೆ ಚಿಕ್ಕದು, ತೆಳು ಗಂಜಿಯಿಂದ ಅದು ತುಂಬಿಬಿಟ್ಟರೆ ಶಕ್ತಿ ಸಿಗುವ ಮೊದಲೇ ಊಟ ಮುಗಿಯುತ್ತದೆ. ಹುಟ್ಟುವಾಗ ತಾಯಿಯಿಂದ ತಂದುಕೊಂಡ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಅಕ್ಕಿ, ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ, ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿಯಾಗಿ ಕಿವುಚಿ, ಅರ್ಧ ಚಮಚ ತುಪ್ಪ ಹಾಕಿ. ಮೊದಲ ದಿನಗಳಲ್ಲಿ ಎರಡು ಮೂರು ಚಮಚ ಸಾಕು. ಉಪ್ಪು, ಸಕ್ಕರೆ ಬೇಡ. ಅದು ಒಗ್ಗಿದ ಮೇಲೆ ಬೇಯಿಸಿದ ಸೊಪ್ಪನ್ನು ಅರೆದು, ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ಒಂದೊಂದಾಗಿ ಸೇರಿಸುತ್ತಾ ಬನ್ನಿ. ನಿಮ್ಮಲ್ಲಿ ತಾಜಾ ಮೀನು ಸಿಗುವುದರಿಂದ ಮುಳ್ಳು ಕಡಿಮೆಯಿರುವ ಮೀನಿನ ತುಂಡನ್ನು ಖಾರವಿಲ್ಲದೆ ಬೇಯಿಸಿ, ಬೆರಳಿನಲ್ಲಿ ಹಿಸುಕಿ ಹಿಸುಕಿ ಒಂದು ಮುಳ್ಳೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೊಡಿ. ಎದೆಹಾಲು ಎರಡು ವರ್ಷದವರೆಗೂ ಮುಂದುವರಿಯಲಿ. ಲಸಿಕೆಯ ದಿನ ಮಗುವನ್ನು ಕರೆದುಕೊಂಡು ಹೋದಾಗ ತೂಕವನ್ನೂ ಮಾಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.